ಹಿರಿಯರು ತೊಡಿಸಿದ ಕವಚ



ನೋಂಪಿಗಳ ವಿಧಿಯನ್ನು ಕುರಿತು ಕೇಳುವವರು ಬಹಳ ಮಂದಿ. ಯಾವ ತಿಥಿಗೆ ಯಾವ ವ್ರತ, ಅಭಿಷೇಕಕ್ಕೆ ಎಷ್ಟು ಕಲಶ, ಉದ್ಯಾಪನೆಗೆ ಏನೇನು ದ್ರವ್ಯ ಎಂಬ ಪ್ರಶ್ನೆಗಳಿಗೆ ವ್ರತವಿಧಾನದ ಪುಸ್ತಕಗಳಲ್ಲಿಯೇ ಉತ್ತರವಿದೆ. ಆದರೆ ಪ್ರವಚನ ಮುಗಿದು ಜನರೆಲ್ಲ ಎದ್ದುಹೋದ ಮೇಲೆ, ಕಂಬದ ಮರೆಯಲ್ಲಿ ನಿಂತಿದ್ದ ಯಾರಾದರೊಬ್ಬ ತಾಯಿ ತಗ್ಗಿದ ದನಿಯಲ್ಲಿ ಕೇಳುವ ಪ್ರಶ್ನೆಯೊಂದಿದೆ. ಅದಕ್ಕೆ ಪುಸ್ತಕದಲ್ಲಿ ನೇರವಾದ ಉತ್ತರ ಸಿಗುವುದಿಲ್ಲ. “ಮನೆಯಲ್ಲಿ ಸಾವಾಗಿದೆ. ಸೂತಕ ಕಳೆದು ತಿಂಗಳುಗಳಾದುವು. ಸೊಸೆ ಒಂದು ಹೊತ್ತೂ ಸರಿಯಾಗಿ ಉಣ್ಣುತ್ತಿಲ್ಲ. ನಾವು ಇದನ್ನು ಉಪವಾಸವೆಂದೇ ತಿಳಿಯೋಣವೇ? ಹೋದವನಿಗೆ ಇದರಿಂದ ಒಳಿತಾದೀತೇ?”

ಇದು ಉಪವಾಸವಲ್ಲ. ಇದರಿಂದ ಹೋದ ಜೀವಕ್ಕೆ ಒಳಿತೂ ಇಲ್ಲ, ಉಳಿದ ಜೀವಕ್ಕೆ ಒಳಿತೂ ಇಲ್ಲ. ಆದರೆ ಅಷ್ಟು ಹೇಳಿ ಎದ್ದುಹೋಗುವುದು ಧರ್ಮೋಪದೇಶವಾಗಲಾರದು. ಉಣ್ಣಲಾರದ ಆ ಹೆಣ್ಣುಮಗಳಿಗೆ ನಮ್ಮ ಪರಂಪರೆ ಏನನ್ನು ಕೊಡುತ್ತದೆ ಎಂಬುದನ್ನು ಹೇಳಬೇಕು. ನಮ್ಮ ಪೂರ್ವಜರು ನಮಗೆ ಬಿಟ್ಟುಹೋದದ್ದು ಬಸದಿ, ಮಾನಸ್ತಂಭ, ಶಾಸನಗಳನ್ನು ಮಾತ್ರವಲ್ಲ. ದುಃಖವನ್ನು ಹೇಗೆ ಹೊರಬೇಕೆಂಬ ಒಂದು ಕ್ರಮವನ್ನೂ ಬಿಟ್ಟುಹೋಗಿದ್ದಾರೆ. ಬಸದಿಗಳನ್ನು ನಾವು ಜೀರ್ಣೋದ್ಧಾರ ಮಾಡಿಸುತ್ತೇವೆ. ಆ ಕ್ರಮವು ಜೀರ್ಣವಾಗುತ್ತಿರುವುದು ಮಾತ್ರ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಮೊದಲು ಉಪವಾಸವೆಂದರೇನೆಂದು ನೋಡೋಣ. ನಮ್ಮ ಕನ್ನಡ ನಾಡಿನಲ್ಲಿ ಗಂಗರ ಕಾಲದಲ್ಲಿ ಬಾಳಿದ ಪೂಜ್ಯಪಾದಾಚಾರ್ಯರು ತತ್ತ್ವಾರ್ಥಸೂತ್ರಕ್ಕೆ ಸರ್ವಾರ್ಥಸಿದ್ಧಿ ಎಂಬ ವೃತ್ತಿಯನ್ನು ಬರೆದಿದ್ದಾರೆ. ಐದು ಇಂದ್ರಿಯಗಳೂ ತಮ್ಮ ತಮ್ಮ ವಿಷಯಗಳ ಕಡೆಗಿನ ಆತುರವನ್ನು ಬಿಟ್ಟು ಒಳಗೆ ಬಂದು ನೆಲೆಸುವುದೇ ಉಪವಾಸ ಎಂಬುದು ಅವರು ಆ ಪದಕ್ಕೆ ಕೊಡುವ ಅರ್ಥ. ಈಗ ಶೋಕದಲ್ಲಿರುವವರ ಸ್ಥಿತಿಯನ್ನು ಇದರ ಪಕ್ಕದಲ್ಲಿ ಇಟ್ಟು ನೋಡಿರಿ. ಹೊಟ್ಟೆಗೆ ಅನ್ನವಿಲ್ಲ, ನಿಜ. ಆದರೆ ಕಿವಿ ಬಾಗಿಲ ಸದ್ದಿಗಾಗಿ ಕಾಯುತ್ತಿರುತ್ತದೆ. ಕಣ್ಣು ಗೂಟದಲ್ಲಿ ತೂಗುವ ಅಂಗಿಯ ಮೇಲೆಯೇ ಇರುತ್ತದೆ. ಇಂದ್ರಿಯಗಳ ಆತುರ ಅಡಗಿಲ್ಲ. ಅದು ಹಿಂದಿಗಿಂತ ನೂರ್ಮಡಿಯಾಗಿದೆ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಹೇಳಿರುವ ನಾಲ್ಕು ಬಗೆಯ ಆರ್ತಧ್ಯಾನಗಳಲ್ಲಿ ಪ್ರಿಯವಾದದ್ದು ಅಗಲಿದಾಗ ಅದನ್ನೇ ಮತ್ತೆ ಮತ್ತೆ ನೆನೆದು ಬೇಯುವುದೂ ಒಂದು. ಊಟ ಬಿಟ್ಟ ಮಾತ್ರಕ್ಕೆ ಆರ್ತಧ್ಯಾನವು ತಪಸ್ಸಾಗಲಾರದು.

ಇಲ್ಲಿ ಒಂದು ಸಂದೇಹ ಏಳುವುದು ಸಹಜ. ತನ್ನಲ್ಲಿಯಾಗಲಿ ಪರರಲ್ಲಿಯಾಗಲಿ ದುಃಖ, ಶೋಕ, ತಾಪ, ಆಕ್ರಂದನಗಳನ್ನು ಉಂಟುಮಾಡುವುದು ಅಸಾತಾವೇದನೀಯ ಕರ್ಮದ ಆಸ್ರವಕ್ಕೆ ಕಾರಣವೆಂದು ಅದೇ ಸೂತ್ರಗ್ರಂಥದ ಆರನೆಯ ಅಧ್ಯಾಯ ಹೇಳುತ್ತದೆ. ಹಾಗಾದರೆ ಉಪವಾಸ ಮತ್ತು ಕೇಶಲೋಚಗಳೂ ದೇಹಕ್ಕೆ ನೋವು ಕೊಡುವುವಲ್ಲವೇ? ಅವೂ ಪಾಪವೇ? ಈ ಆಕ್ಷೇಪವನ್ನು ಪೂಜ್ಯಪಾದರು ತಾವೇ ಎತ್ತಿಕೊಂಡು ಸಮಾಧಾನ ಹೇಳಿದ್ದಾರೆ. ಅವರು ಕೊಡುವ ದೃಷ್ಟಾಂತ ವೈದ್ಯನದು. ಕರುಣೆಯುಳ್ಳ ವೈದ್ಯನೊಬ್ಬ ಮುನಿಯ ಮೈಮೇಲಿನ ಕುರುವನ್ನು ಕೊಯ್ಯುತ್ತಾನೆ. ಮುನಿಗೆ ನೋವಾಗುತ್ತದೆ. ಆದರೆ ಕೊಯ್ದವನ ಮನಸ್ಸಿನಲ್ಲಿ ಕ್ರೋಧಾದಿಗಳಿಲ್ಲ, ಶಲ್ಯವಿಲ್ಲ. ಆದುದರಿಂದ ಅವನಿಗೆ ಪಾಪಬಂಧವಿಲ್ಲ. ಅಂತೆಯೇ ಸಂಸಾರದ ದುಃಖವನ್ನು ಕಳೆದುಕೊಳ್ಳಬೇಕೆಂದು ಶಾಂತ ಮನಸ್ಸಿನಿಂದ, ಶಾಸ್ತ್ರ ಹೇಳಿದ ಕ್ರಮದಲ್ಲಿ ನಡೆಯುವವನಿಗೆ ಉಪವಾಸದ ಕಷ್ಟವು ಪಾಪಕಾರಣವಾಗದು. (ಈ ಆಚಾರ್ಯರು ವ್ಯಾಕರಣದಲ್ಲಿ ಮಾತ್ರವಲ್ಲದೆ ವೈದ್ಯದಲ್ಲಿಯೂ ಪ್ರಸಿದ್ಧರು. ಕಲ್ಯಾಣಕಾರಕವನ್ನು ರಚಿಸಿದ ಉಗ್ರಾದಿತ್ಯಾಚಾರ್ಯರು ಇವರ ವೈದ್ಯಗ್ರಂಥವನ್ನು ಸ್ಮರಿಸಿದ್ದಾರೆ. ಕುರು ಕೊಯ್ಯುವ ದೃಷ್ಟಾಂತವು ಅವರ ಲೇಖನಿಗೆ ಬಂದುದರಲ್ಲಿ ಆಶ್ಚರ್ಯವೇನಿದೆ!)

ನೋವು ಎರಡು ಕಡೆಯೂ ಒಂದೇ. ವೈದ್ಯನ ಕೈಯ ಶಸ್ತ್ರವೂ ಕೊಯ್ಯುತ್ತದೆ, ಶತ್ರುವಿನ ಕೈಯ ಶಸ್ತ್ರವೂ ಕೊಯ್ಯುತ್ತದೆ. ಶೋಕದಿಂದ ಊಟ ಬಿಟ್ಟವರು ತಮ್ಮ ದೇಹವನ್ನು ಶತ್ರುವಿನಂತೆ ಕೊಯ್ಯುತ್ತಿರುತ್ತಾರೆ. “ಅವನಿಲ್ಲದ ಮೇಲೆ ನನಗೇಕೆ ಅನ್ನ” ಎಂಬ ಮಾತಿನಲ್ಲಿ ದೇಹದ ಮೇಲಿನ ರೋಷವಿದೆ, ಕೆಲವೊಮ್ಮೆ ದೈವದ ಮೇಲಿನ ರೋಷವೂ ಇದೆ. ಆ ರೋಷವನ್ನು ಕಂಡು ಮನೆಯ ಹಿರಿಯರು “ಎಂಥ ಪತಿವ್ರತೆ, ಎಂಥ ತಪಸ್ಸು” ಎಂದು ಹೊಗಳುವುದುಂಟು. ಆ ಹೊಗಳಿಕೆ ಬಹಳ ಅಪಾಯಕರವಾದುದು. ಹೊಗಳಿಸಿಕೊಂಡವಳಿಗೆ ಮರುದಿನ ಹಸಿವಾದರೂ ಉಣ್ಣಲು ನಾಚಿಕೆಯಾಗುತ್ತದೆ.

ಹಾಗಾದರೆ ನಮ್ಮ ಹಿರಿಯರು ಮಾಡುತ್ತಿದ್ದುದೇನು? ಇದಕ್ಕೆ ಭಗವತೀ ಆರಾಧನೆಯನ್ನು ನೋಡಬೇಕು. ಶಿವಾರ್ಯರ ಆ ಮಹಾಗ್ರಂಥವು ಮುಖ್ಯವಾಗಿ ಸಮಾಧಿಮರಣವನ್ನು ಕುರಿತದ್ದಾದುದರಿಂದ ಗೃಹಸ್ಥರು ಅದನ್ನು ತಮಗೆ ಸಂಬಂಧವಿಲ್ಲವೆಂದು ಬದಿಗಿಡುತ್ತಾರೆ. ಆದರೆ ವೇದನೆಯಲ್ಲಿರುವ ಒಂದು ಜೀವವನ್ನು ಸುತ್ತಲಿನವರು ಹೇಗೆ ನೋಡಿಕೊಳ್ಳಬೇಕೆಂಬುದನ್ನು ಅದರಷ್ಟು ಸೂಕ್ಷ್ಮವಾಗಿ ಹೇಳಿದ ಗ್ರಂಥ ಇನ್ನೊಂದಿಲ್ಲವೆಂದರೆ ಅತಿಶಯೋಕ್ತಿಯಲ್ಲ. ಸಲ್ಲೇಖನವನ್ನು ಹಿಡಿದ ಒಬ್ಬ ಕ್ಷಪಕನ ಸೇವೆಗೆ ನಲವತ್ತೆಂಟು ಮಂದಿ ನಿರ್ಯಾಪಕರಿರಬೇಕೆಂದು ಅದು ವಿಧಿಸುತ್ತದೆ. ನಾಲ್ವರು ನಾಲ್ವರಂತೆ ಕೆಲಸಗಳನ್ನು ಹಂಚಿಕೊಳ್ಳಬೇಕು. ಏಳಿಸಿ ಕೂರಿಸಿ ಮೈ ಒತ್ತುವವರು ನಾಲ್ವರು, ಧರ್ಮಕಥೆ ಹೇಳುವವರು ನಾಲ್ವರು, ಆಹಾರದ ವ್ಯವಸ್ಥೆ ನೋಡುವವರು ನಾಲ್ವರು, ಪಾನದ ವ್ಯವಸ್ಥೆಗೆ ನಾಲ್ವರು, ಮಲಮೂತ್ರಗಳನ್ನು ದೂರ ಮಾಡುವವರು ನಾಲ್ವರು, ಬಾಗಿಲು ಕಾಯುವವರು, ರಾತ್ರಿ ಎಚ್ಚರವಿರುವವರು. ಕಾಲದೋಷದಿಂದ ಅಷ್ಟು ಜನ ದೊರೆಯದಿದ್ದರೆ ಸಂಖ್ಯೆಯನ್ನು ಇಳಿಸುತ್ತ ಬರಬಹುದು. ಆದರೆ ಕಡೆಗೆ ಇಬ್ಬರಾದರೂ ಇರಲೇಬೇಕು. ಒಬ್ಬನೇ ನಿರ್ಯಾಪಕನಿದ್ದರೆ ಅವನೂ ಕೆಟ್ಟಾನು, ಕ್ಷಪಕನೂ ಕೆಟ್ಟಾನು, ಧರ್ಮಕ್ಕೂ ಕುಂದು ಬಂದೀತು ಎಂಬುದು ಗ್ರಂಥಕಾರರ ಎಚ್ಚರಿಕೆ. ನಮ್ಮ ಮನೆಗಳಲ್ಲಿ ವರ್ಷಗಟ್ಟಲೆ ಹಾಸಿಗೆ ಹಿಡಿದ ಅತ್ತೆಯನ್ನು ಒಬ್ಬ ಸೊಸೆಯ ಕೈಗೆ ಒಪ್ಪಿಸಿ ಉಳಿದವರೆಲ್ಲ ನಿಶ್ಚಿಂತರಾಗಿರುವುದನ್ನು ನೋಡುವಾಗ ನನಗೆ ಈ ಎಚ್ಚರಿಕೆ ನೆನಪಾಗುತ್ತದೆ.

ಆ ನಲವತ್ತೆಂಟು ಮಂದಿಯಲ್ಲಿ ಕಥೆ ಹೇಳುವ ನಾಲ್ವರಿಗೂ ಸ್ಥಾನವಿದೆಯೆಂಬುದನ್ನು ಗಮನಿಸಿರಿ. ಮೈ ಒತ್ತುವುದು, ಆಹಾರ ನೋಡುವುದು ಹೇಗೆ ಶುಶ್ರೂಷೆಯೋ ಕಥೆ ಹೇಳುವುದೂ ಹಾಗೆಯೇ ಶುಶ್ರೂಷೆ. ಆರಾಧನೆಯಲ್ಲಿ ‘ಕವಚ’ ಎಂಬ ಹೆಸರಿನ ಒಂದು ಅಧಿಕಾರವೇ ಇದೆ. ವೇದನೆ ಹೆಚ್ಚಿ ಕ್ಷಪಕನ ಮನಸ್ಸು ಕದಡಿದಾಗ ಗುರುವು ಅವನಿಗೆ ಹಿಂದಿನ ಮಹಾಪುರುಷರ ಧೈರ್ಯವನ್ನು ನೆನಪಿಸಿ ಕವಚ ತೊಡಿಸುತ್ತಾನೆ. ಯುದ್ಧಕ್ಕೆ ಹೋಗುವವನಿಗೆ ಲೋಹದ ಕವಚ ಹೇಗೋ, ವೇದನೆಯ ಎದುರು ನಿಂತವನಿಗೆ ಪೂರ್ವಜರ ಸ್ಮರಣೆ ಹಾಗೆ. ಕನ್ನಡಿಗರ ಭಾಗ್ಯವೆಂದರೆ ಆ ಭಾಗದ ಗಾಹೆಗಳಲ್ಲಿ ಸೂಚಿತವಾದ ಕಥೆಗಳೇ ನಮ್ಮ ನುಡಿಯಲ್ಲಿ ವಡ್ಡಾರಾಧನೆಯಾಗಿ ಬಂದಿವೆ. ಹತ್ತೊಂಬತ್ತು ಕಥೆಗಳು. ಕಾಲೇಜುಗಳಲ್ಲಿ ಅದನ್ನು ಕನ್ನಡದ ಪ್ರಾಚೀನ ಗದ್ಯವೆಂದು ಓದಿಸುತ್ತಾರೆ, ಕರ್ತೃವಿನ ಹೆಸರನ್ನು ಕುರಿತು ಚರ್ಚಿಸುತ್ತಾರೆ; ಸಂತೋಷವೇ. ಆದರೆ ಅದು ಹುಟ್ಟಿದ್ದು ರೋಗಿಯ ಹಾಸಿಗೆಯ ಪಕ್ಕದಲ್ಲಿ ಹೇಳಲೆಂದು.

ಅದರ ಮೊದಲ ಕಥೆ ಸುಕುಮಾರಸ್ವಾಮಿಯದು. ಉಜ್ಜಯಿನಿಯ ಆ ಶ್ರೇಷ್ಠಿಪುತ್ರ ಎಷ್ಟು ಸುಕುಮಾರನೆಂದರೆ ಸೇಸೆಯಾಗಿ ತಳಿದ ಸಾಸಿವೆಯ ಕಾಳು ಆಸನದಲ್ಲಿದ್ದರೂ ಅವನ ಮೈಗೆ ಒತ್ತುತ್ತಿತ್ತು. ಮಣಿಗಳ ಬೆಳಕಿನಲ್ಲಿ ಬೆಳೆದವನಾದ್ದರಿಂದ ಸೊಡರಿನ ಬೆಳಕಿಗೆ ಅವನ ಕಣ್ಣಲ್ಲಿ ನೀರು ಬರುತ್ತಿತ್ತು. ಅಂಥವನು ದೀಕ್ಷೆ ಹಿಡಿದು ಕಾಡಿನಲ್ಲಿ ನಿಂತಾಗ ನರಿಯೊಂದು ಮರಿಗಳೊಡನೆ ಬಂದು ಮೂರು ರಾತ್ರಿ ಅವನನ್ನು ತಿಂದಿತು, ಅವನು ಕದಲಲಿಲ್ಲ. ಆ ನರಿ ಯಾರು? ಹಿಂದಿನ ಜನ್ಮದಲ್ಲಿ ಅವನಿಂದ ಒದೆಸಿಕೊಂಡ ಅತ್ತಿಗೆ. ಒದ್ದ ಕಾಲನ್ನೇ ತಿನ್ನುವೆನೆಂದು ನಿದಾನ ಮಾಡಿಕೊಂಡು ಜನ್ಮಜನ್ಮಾಂತರಗಳಲ್ಲಿ ಅದನ್ನು ಹೊತ್ತು ತಿರುಗಿದ ಜೀವ. ಕಥೆಯನ್ನು ಕೇಳುವಾಗ ನಾವೆಲ್ಲ ಸುಕುಮಾರನ ಧೈರ್ಯವನ್ನೇ ನೋಡುತ್ತೇವೆ. ಆದರೆ ಗಾಯವನ್ನು ಮಾಯಲು ಬಿಡದೆ ಹೊತ್ತುಕೊಂಡು ಹೋದರೆ ಏನಾಗುವುದೆಂಬುದಕ್ಕೆ ಆ ನರಿಯೂ ಅಷ್ಟೇ ದೊಡ್ಡ ಪಾಠ. ಮಾಯೆ, ಮಿಥ್ಯಾತ್ವ, ನಿದಾನ ಎಂಬ ಮೂರು ಶಲ್ಯಗಳಿಲ್ಲದವನನ್ನು ಮಾತ್ರ ವ್ರತಿಯೆಂದು ಕರೆಯಬೇಕೆಂದು ಸೂತ್ರಕಾರರು ಸುಮ್ಮನೆ ಹೇಳಲಿಲ್ಲ.

ಇಂಥ ಕಥೆಯನ್ನು ನೊಂದವರಿಗೆ ಹೇಳುವಾಗ ಒಂದು ವಿವೇಕ ಬೇಕು. “ಅವರ ನೋವಿನ ಮುಂದೆ ನಿನ್ನದು ಏನು ಮಹಾ” ಎಂಬ ಧ್ವನಿ ಬಂದರೆ ಅದು ಕವಚವಾಗದೆ ಬಾಣವಾಗುತ್ತದೆ. ಗುರುವು ಕ್ಷಪಕನಿಗೆ ಹೇಳುವುದು ನೋವು ಸಣ್ಣದೆಂದಲ್ಲ. ಈ ದಾರಿಯಲ್ಲಿ ಹಿಂದೆಯೂ ಜನ ನಡೆದಿದ್ದಾರೆ, ಅವರು ನಿನ್ನ ಕುಲದವರು, ನಿನ್ನ ಹೆಜ್ಜೆಯ ಕೆಳಗೆ ಅವರ ಹೆಜ್ಜೆಯಿದೆ ಎಂದು.

ಕಾಡಿನ ಮುನಿಗಳ ಕಥೆ ನಮಗೆ ಎಟುಕದು ಎನ್ನುವವರಿಗೆ ನಮ್ಮ ನಾಡಿನ ಗೃಹಿಣಿಯೊಬ್ಬಳ ಚರಿತ್ರೆಯಿದೆ. ದಾನಚಿಂತಾಮಣಿ ಅತ್ತಿಮಬ್ಬೆಯ ಹೆಸರನ್ನು ಕೇಳದ ಜೈನ ಮನೆ ಕರ್ನಾಟಕದಲ್ಲಿ ಇರಲಾರದು. ಆದರೆ ಹೊಗಳಿ ಹೊಗಳಿ ನಾವು ಅವಳನ್ನು ಬಂಗಾರದ ಪ್ರತಿಮೆಯಾಗಿ ಮಾಡಿ, ಅವಳೂ ಅತ್ತವಳೆಂಬುದನ್ನು ಮರೆತಿದ್ದೇವೆ.

ಹತ್ತನೆಯ ಶತಮಾನದ ಉತ್ತರಾರ್ಧ. ಕಲ್ಯಾಣದ ಚಾಲುಕ್ಯರ ರಾಜ್ಯವನ್ನು ಕಟ್ಟಿದ ತೈಲಪನ ಕಾಲ. ಮಲ್ಲಪಯ್ಯನ ಮಕ್ಕಳಾದ ಅತ್ತಿಮಬ್ಬೆ ಮತ್ತು ಗುಂಡಮಬ್ಬೆ ಎಂಬ ಅಕ್ಕತಂಗಿಯರಿಬ್ಬರನ್ನೂ ಮಂತ್ರಿ ದಲ್ಲಪನ ಮಗನಾದ ನಾಗದೇವನಿಗೆ ಕೊಟ್ಟು ಮದುವೆ ಮಾಡಿದ್ದರು. ವೀರನಾದ ನಾಗದೇವ ಯುದ್ಧದಲ್ಲಿ ಮಡಿದ. ಗುಂಡಮಬ್ಬೆ ಪತಿಯ ಚಿತೆಯನ್ನೇರಿದಳು. ಒಂದೇ ಸಲಕ್ಕೆ ಗಂಡನನ್ನೂ ಜೊತೆಯಲ್ಲಿ ಹುಟ್ಟಿ ಜೊತೆಯಲ್ಲಿ ಬಾಳಿದ ತಂಗಿಯನ್ನೂ ಕಳೆದುಕೊಂಡ ಅತ್ತಿಮಬ್ಬೆಗೆ ಉಳಿದದ್ದು ಮಗ ಅಣ್ಣಿಗದೇವನೊಬ್ಬ.

ಆ ಕಾಲದ ಲೋಕರೂಢಿ ಯಾವುದನ್ನು ಹೆಚ್ಚು ಹೊಗಳುತ್ತಿತ್ತೆಂಬುದು ನಾಡಿನ ಮಾಸ್ತಿಕಲ್ಲುಗಳಿಂದ ತಿಳಿಯುತ್ತದೆ. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಬೆಂಕಿಯಲ್ಲಿ ಬೀಳುವುದನ್ನೂ ಬೆಟ್ಟದಿಂದ ಬೀಳುವುದನ್ನೂ ಲೋಕಮೂಢತೆಯಲ್ಲಿ ಎಣಿಸಿ ಬಹಳ ಕಾಲವಾಗಿತ್ತು. ಗುಂಡಮಬ್ಬೆಯನ್ನು ದೂಷಿಸುವ ಅಧಿಕಾರ ನಮಗಿಲ್ಲ. ಅವಳ ದುಃಖವನ್ನು ಅಳೆಯುವವರು ನಾವು ಯಾರು? ಆದರೆ ಅಕ್ಕ ಹಿಡಿದ ದಾರಿ ಯಾವುದೆಂಬುದನ್ನು ಹೇಳಲೇಬೇಕು. ಅವಳು ಬದುಕಿ ಉಳಿದಳು, ವ್ರತವನ್ನು ಹಿಡಿದಳು. ದೇಹವನ್ನು ಚಿತೆಗೆ ಕೊಡದೆ ನಿಯಮಕ್ಕೆ ಕೊಟ್ಟಳು.

ಅವಳ ಕೈಗೆ ಆಗ ಬಂದುದು ಏನೆಂಬುದು ಈ ಪ್ರವಚನಕ್ಕೆ ಬಹಳ ಮುಖ್ಯ. ಅವಳ ತಂದೆ ಮಲ್ಲಪಯ್ಯನೂ ಚಿಕ್ಕಪ್ಪ ಪುನ್ನಮಯ್ಯನೂ ಹಿಂದೆ ತಮ್ಮ ಗುರುಗಳಾದ ಜಿನಚಂದ್ರದೇವರು ಅಗಲಿದಾಗ ಅವರ ಪರೋಕ್ಷವಿನಯಕ್ಕೆಂದು ಮಹಾಕವಿ ಪೊನ್ನನಿಂದ ಶಾಂತಿಪುರಾಣವನ್ನು ಬರೆಯಿಸಿದ್ದರು. ಎಂದರೆ, ಒಂದು ಅಗಲಿಕೆಯ ನೋವನ್ನು ಆ ಮನೆಯವರು ಶಾಸ್ತ್ರದಾನವಾಗಿ ಮಾರ್ಪಡಿಸಿದ್ದರು. ತೌರಿನಲ್ಲಿ ಹಾಗೆ ಒಂದು ದಾರಿ ತುಳಿದು ಸಿದ್ಧವಾಗಿತ್ತು. ತನಗೆ ಅದಕ್ಕಿಂತ ದೊಡ್ಡ ಅಗಲಿಕೆ ಬಂದಾಗ ಅತ್ತಿಮಬ್ಬೆ ಹೊಸದನ್ನು ಹುಡುಕಲಿಲ್ಲ. ತಂದೆಯ ಪುಸ್ತಕವನ್ನೇ ತೆಗೆದುಕೊಂಡಳು. ಹನ್ನೆರಡು ಆಶ್ವಾಸಗಳ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳು.

ಸಾವಿರ ಎಂಬ ಮಾತು ನಮ್ಮ ಬಾಯಲ್ಲಿ ಹಗುರವಾಗಿ ಬಂದುಬಿಡುತ್ತದೆ. ಮುದ್ರಣಯಂತ್ರವಿಲ್ಲದ ಕಾಲ. ಒಂದೊಂದು ಓಲೆಯನ್ನೂ ಹದಮಾಡಿ ಅಳತೆಗೆ ಕತ್ತರಿಸಿ ಅಕ್ಷರ ಮೂಡಿಸಬೇಕು. ಒಬ್ಬ ಲಿಪಿಕಾರನಿಗೆ ಒಂದು ಪ್ರತಿಗೆ ಎರಡು ತಿಂಗಳೆಂದು ಸುಮ್ಮನೆ ಲೆಕ್ಕಕ್ಕೆ ಹಿಡಿಯೋಣ. ಸಾವಿರ ಪ್ರತಿಗೆ ಎರಡು ಸಾವಿರ ತಿಂಗಳು. ಒಬ್ಬನೇ ಕುಳಿತರೆ ನೂರ ಅರವತ್ತು ವರ್ಷಗಳಿಗೂ ಹೆಚ್ಚು. ಹತ್ತಾರು ಮಂದಿ ಲಿಪಿಕಾರರು ವರ್ಷಗಟ್ಟಲೆ ಕುಳಿತು ಬರೆದಿರಬೇಕು. ಅವರ ಊಟ, ವಸತಿ, ಓಲೆ, ತಿದ್ದುಪಡಿ, ಕಟ್ಟು, ಕಳಿಸುವ ವ್ಯವಸ್ಥೆ ಎಲ್ಲಕ್ಕೂ ಒಬ್ಬರು ನಿಲ್ಲಬೇಕು. ಬೆಳಗಾದರೆ ಯಾರಾದರೂ ಬಂದು ಏನನ್ನಾದರೂ ಕೇಳುವ ಮನೆಯಾಗಿರಬೇಕು ಅದು. ಶೋಕವು ಏಕಾಂತದಲ್ಲಿ ಬೆಳೆಯುತ್ತದೆಯಲ್ಲವೇ? ಆ ಮನೆಯಲ್ಲಿ ಏಕಾಂತಕ್ಕೆ ಎಡೆಯೇ ಇದ್ದಿರಲಾರದು.

ಸಾವಿರದ ಐನೂರು ಜಿನಪ್ರತಿಮೆಗಳನ್ನು ಮಾಡಿಸಿ ಕೊಟ್ಟಳೆಂಬ ಕೀರ್ತಿಯೂ ಅವಳದು. ಬೆಳಗೊಳದ ಗೊಮ್ಮಟದೇವನನ್ನು ಕಾಣಲು ಬೆಟ್ಟವೇರಿದಾಗ ಅಕಾಲದಲ್ಲಿ ಮಳೆ ಬಂದು ಅವಳ ದಣಿವನ್ನು ಆರಿಸಿತೆಂದು ಹೇಳುತ್ತಾರೆ. ರನ್ನಕವಿ ಅವಳ ಆಶ್ರಯದಲ್ಲಿ 993ರಲ್ಲಿ ಅಜಿತಪುರಾಣವನ್ನು ಮುಗಿಸಿದ. ತನ್ನ ಮಗಳಿಗೆ ಅವಳ ಹೆಸರನ್ನೇ ಇಟ್ಟ. ಗದಗ ಜಿಲ್ಲೆಯ ಲಕ್ಕುಂಡಿಯಲ್ಲಿ ಅವಳು ಕಟ್ಟಿಸಿದ ಬ್ರಹ್ಮಜಿನಾಲಯ ಇಂದಿಗೂ ನಿಂತಿದೆ. ಅಲ್ಲಿನ ಶಾಸನದ ಕಾಲ 1007. ಅಜಿತಪುರಾಣಕ್ಕೂ ಈ ಬಸದಿಗೂ ನಡುವೆ ಹದಿನಾಲ್ಕು ವರ್ಷಗಳ ಅಂತರವಿದೆ. ವೈಧವ್ಯ ಬಂದದ್ದು ಅದಕ್ಕೂ ಹಿಂದೆ. ಒಂದು ದಿನದ ಆವೇಶದಲ್ಲಿ ಆದ ಕೆಲಸವಲ್ಲ ಇದು. ಗಾಯ ಮಾಯುವುದಕ್ಕೆ ಎಷ್ಟು ಕಾಲ ಬೇಕೋ ಅಷ್ಟು ಕಾಲ ಹಿಡಿಯುವ ಕೆಲಸವನ್ನು ಅವಳು ಆರಿಸಿಕೊಂಡಿದ್ದಳು.

ಅವಳಿಗೆ ಸಂಪತ್ತಿತ್ತು, ಅರಮನೆಯ ಬಲವಿತ್ತು, ನಮಗೇನಿದೆ ಎಂಬ ಮಾತು ಬರುತ್ತದೆ. ನ್ಯಾಯವಾದ ಮಾತೇ. ಆದರೆ ನೋಂಪಿಯ ಕ್ರಮವನ್ನು ನೋಡಿರಿ. ಸಂಪತ್ತಿರಲಿ ಇಲ್ಲದಿರಲಿ ಪ್ರತಿಯೊಂದು ನೋಂಪಿಗೂ ಒಂದು ಸಂಕಲ್ಪ, ಒಂದು ಅವಧಿ, ಕೊನೆಯಲ್ಲಿ ಒಂದು ಉದ್ಯಾಪನೆ ಉಂಟು. ಶೋಕಕ್ಕೆ ಇವು ಮೂರೂ ಇಲ್ಲ. ಸಂಕಲ್ಪಿಸಿ ಬಂದುದಲ್ಲ, ಎಂದು ಮುಗಿಯುವುದೋ ತಿಳಿಯದು, ಮುಗಿಯಿತೆಂದು ಹೇಳುವವರೂ ಇಲ್ಲ. ನೋಂಪಿಯನ್ನು ಹಿಡಿದಾಗ ಆ ಅಳತೆಯಿಲ್ಲದ ದಿನಗಳಿಗೆ ತಿಥಿಗಳ ಅಳತೆ ಬರುತ್ತದೆ. ಅಷ್ಟಮಿ ಬಂತು, ಚತುರ್ದಶಿ ಬಂತು. ಹಿಂದಿನ ದಿನ ಒಪ್ಪೊತ್ತು, ಪರ್ವದಂದು ಉಪವಾಸ, ಮರುದಿನ ಪಾರಣೆ. ಪ್ರೋಷಧೋಪವಾಸದ ಹದಿನಾರು ಯಾಮಗಳಿಗೂ ಆದಿಯಿದೆ, ಅಂತ್ಯವಿದೆ. ಪಾರಣೆಯು ವ್ರತದ ಅಂಗವೇ ಆಗಿದೆಯೆಂಬುದನ್ನು ಒತ್ತಿ ಹೇಳಬೇಕು. ಉಣ್ಣಲಾರದವಳಿಗೆ ಶಾಸ್ತ್ರವೇ ಉಣ್ಣೆಂದು ಹೇಳುವ ದಿನ ಅದು. ಪಾರಣೆಯನ್ನು ಬಿಟ್ಟರೆ ವ್ರತವೇ ಅಪೂರ್ಣವಾಯಿತೆಂದು ತಿಳಿದ ಮೇಲೆ ಅವಳು ನಾಚಿಕೆಯಿಲ್ಲದೆ ತುತ್ತನ್ನು ಎತ್ತಬಲ್ಲಳು.

ಉದ್ಯಾಪನೆಯ ಮಾತಿಗೆ ಬಂದರೆ ಮೂಡಬಿದಿರೆಯನ್ನು ನೆನೆಯದೆ ಮುಂದೆ ಹೋಗಲಾರೆವು. ಧರಸೇನಾಚಾರ್ಯರಿಂದ ಕಲಿತು ಪುಷ್ಪದಂತ ಭೂತಬಲಿಗಳು ರಚಿಸಿದ ಷಟ್ಖಂಡಾಗಮವು ಪೂರ್ಣಗೊಂಡ ಜ್ಯೇಷ್ಠ ಶುದ್ಧ ಪಂಚಮಿಯನ್ನು ನಾವು ಶ್ರುತಪಂಚಮಿಯೆಂದು ಆಚರಿಸುತ್ತೇವೆ. ಆ ಸಿದ್ಧಾಂತಗ್ರಂಥಗಳ ಪ್ರಾಚೀನ ತಾಡವೋಲೆಗಳು ಉಳಿದುಬಂದದ್ದು ಮೂಡಬಿದಿರೆಯ ಸಿದ್ಧಾಂತ ಬಸದಿಯೊಂದರಲ್ಲಿಯೇ. ಅವನ್ನು ಬರೆಯಿಸಿದವರು ಯಾರು? ಮಹಾಧವಲವೆಂದು ಪ್ರಸಿದ್ಧವಾದ ಮಹಾಬಂಧದ ಪ್ರತಿಯ ಕೊನೆಯ ಪ್ರಶಸ್ತಿಯಲ್ಲಿ ಉತ್ತರವಿದೆ. ಸೇನನೆಂಬ ಅರಸನ ಮಡದಿ ಮಲ್ಲಿಕಬ್ಬೆ ಶ್ರೀಪಂಚಮಿಯ ನೋಂಪಿಯನ್ನು ನೋಂತು, ಅದರ ಉದ್ಯಾಪನೆಗೆಂದು ಅದನ್ನು ಬರೆಯಿಸಿ ಮಾಘನಂದಿ ಯತಿಪತಿಗಳಿಗೆ ಕೊಟ್ಟಳು. ಧವಲದ ಪ್ರತಿಯ ಪ್ರಶಸ್ತಿಯಲ್ಲಿ ದೇಮಿಯಕ್ಕನ ಹೆಸರಿದೆ. ಅವಳೂ ಶ್ರುತಪಂಚಮಿಯ ಉದ್ಯಾಪನೆಗೆಂದೇ ಬರೆಯಿಸಿ ಶುಭಚಂದ್ರ ಸಿದ್ಧಾಂತದೇವರಿಗೆ ಅರ್ಪಿಸಿದಳು. ಹನ್ನೆರಡನೆಯ ಶತಮಾನದ ಆ ಓಲೆಗಳು ಎಂಟುನೂರು ವರ್ಷ ಕತ್ತಲೆಯ ಕೋಣೆಯಲ್ಲಿದ್ದು, ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿಯಾಗತೊಡಗಿ, 1939ರಿಂದ ಮುಂದೆ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಧವಲವು ಹದಿನಾರು ಸಂಪುಟಗಳಾಗಿ ಮುದ್ರಣಗೊಂಡಿತು. ಇಂದು ಭಾರತದ ಯಾವ ಮೂಲೆಯಲ್ಲಿ ಯಾವ ಮುನಿ ಷಟ್ಖಂಡಾಗಮವನ್ನು ತೆರೆದರೂ ಅದರ ಹಿಂದೆ ಗೃಹಿಣಿಯರು ಮುಗಿಸಿದ ನೋಂಪಿಗಳಿವೆ.

ಯಾವ ನೋವಿನಲ್ಲಿ, ಯಾವ ಹರಕೆಯಲ್ಲಿ ಅವರು ಆ ನೋಂಪಿಯನ್ನು ಹಿಡಿದರೆಂಬುದನ್ನು ಪ್ರಶಸ್ತಿ ಹೇಳುವುದಿಲ್ಲ. ಹೇಳಬೇಕಾಗಿಯೂ ಇಲ್ಲ. ವ್ರತವನ್ನು ಮುಗಿಸಿದ ಮೇಲೆ ಕೈಯಲ್ಲಿ ಉಳಿದದ್ದು ಶಾಸ್ತ್ರ.

ಇನ್ನು ನಮ್ಮ ಇಂದಿನ ಮನೆಗಳ ಮಾತು. ದುಃಖದಲ್ಲಿರುವವರಿಗೆ ದೊಡ್ಡ ವ್ರತವನ್ನು ಹೊರಿಸಬೇಡಿರಿ. ಷೋಡಶಕಾರಣ ಭಾವನೆಗಳಲ್ಲಿ ತಪಸ್ಸನ್ನು ಹೇಳುವಾಗ ಶಕ್ತಿಗೆ ತಕ್ಕಂತೆ ಎಂಬ ಮಾತನ್ನು ಸೇರಿಸಿಯೇ ಹೇಳಿದ್ದಾರೆ. ದಿನಕ್ಕೊಂದು ರಸವನ್ನು ಬಿಡುವುದೂ ವ್ರತವೇ. ಸಂಜೆ ಬಸದಿಗೆ ಹೋಗಿ ಒಂದು ಗಳಿಗೆ ಕುಳಿತು ಅನುಪ್ರೇಕ್ಷೆಗಳನ್ನು ಓದುವುದೂ ನಿಯಮವೇ. ಅವಧಿಯನ್ನು ಗೊತ್ತುಮಾಡಿಕೊಂಡು, ಗುರುಗಳೋ ಭಟ್ಟಾರಕರೋ ತಿಳಿದ ಹಿರಿಯರೋ ಇವರ ಮುಂದೆ ನಿಂತು ತೆಗೆದುಕೊಳ್ಳಬೇಕು. ತಾನೇ ತಾನಾಗಿ, ಬಾಗಿಲು ಮುಚ್ಚಿಕೊಂಡು, ಇಂದಿನಿಂದ ಊಟವಿಲ್ಲವೆಂದು ಹೇಳುವುದನ್ನು ಯಾರೂ ವ್ರತವೆಂದು ಒಪ್ಪಕೂಡದು. ಹಾಗೆಯೇ ಸಲ್ಲೇಖನದ ಮಾತನ್ನು ಶೋಕದ ಬಾಯಿಂದ ಕೇಳಿದಾಗ ಮನೆಯವರು ಎಚ್ಚರಗೊಳ್ಳಬೇಕು. ಪರಿಹಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಇವನ್ನು ಮಾತ್ರ ಸಮಂತಭದ್ರರು ಅದಕ್ಕೆ ಕಾರಣಗಳಾಗಿ ಹೇಳಿದ್ದಾರೆ. ಪತಿಯ ಮರಣ, ಮಗನ ಮರಣ, ಸಾಲ, ಅಪಮಾನ ಆ ಪಟ್ಟಿಯಲ್ಲಿಲ್ಲ. ಅಂಥ ಮಾತನ್ನಾಡಿದವರನ್ನು ಒಂಟಿಯಾಗಿ ಬಿಡದೆ ಜೊತೆಗಿರಬೇಕು, ವೈದ್ಯರ ಬಳಿಗೆ ಕರೆದೊಯ್ಯಬೇಕು. ಮನಸ್ಸಿನ ರೋಗಕ್ಕೂ ವೈದ್ಯರಿದ್ದಾರೆ. ಚತುರ್ವಿಧ ದಾನಗಳಲ್ಲಿ ಔಷಧದಾನವನ್ನು ಸೇರಿಸಿದ ಧರ್ಮದವರಿಗೆ ಔಷಧ ತೆಗೆದುಕೊಳ್ಳುವುದರಲ್ಲಿ ಸಂಕೋಚವೇಕೆ? ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಪರ್ವದ ದಿನ ಅದನ್ನು ನಿಲ್ಲಿಸುವುದೂ ಸಲ್ಲದು.

ನೆರೆಹೊರೆಯ ಶ್ರಾವಕರಿಗೂ ಕೆಲಸವಿದೆ. ಸಾವಾದ ಮನೆಗೆ ಮೊದಲ ಕೆಲವು ದಿನ ಜನವೋ ಜನ. ಆಮೇಲೆ ಯಾರೂ ಇಲ್ಲ. ನಲವತ್ತೆಂಟು ಮಂದಿ ಬೇಡ. ನಾಲ್ಕು ಮನೆಯವರು ಸರದಿಯಂತೆ ಹೋಗಿ, ಒಬ್ಬರು ಪಾರಣೆಯ ಅಡಿಗೆಗೆ ಕೈಜೋಡಿಸಿ, ಒಬ್ಬರು ವಡ್ಡಾರಾಧನೆಯ ಒಂದು ಕಥೆಯನ್ನು ಓದಿ, ಒಬ್ಬರು ಸುಮ್ಮನೆ ಕುಳಿತು ಬಂದರೂ ಸಾಕು.

ಕೊನೆಯದಾಗಿ, ಅನಂತನ ನೋಂಪಿಯನ್ನು ಕುರಿತು ಹಲವರು ಕೇಳಿರುವ ಒಂದು ಸಂದೇಹ. ಭಾದ್ರಪದ ಶುದ್ಧ ಚತುರ್ದಶಿಯ ಈ ನೋಂಪಿಯ ಅವಧಿ ಹದಿನಾಲ್ಕು ವರ್ಷ. ಪತಿಪತ್ನಿಯರು ಜೊತೆಯಾಗಿ ಹಿಡಿದಿರುತ್ತಾರೆ. ಒಂಬತ್ತು ವರ್ಷ ನಡೆದ ಮೇಲೆ ಒಬ್ಬರು ತೀರಿಹೋದರೆ ಉಳಿದ ಐದು ವರ್ಷದ ಗತಿಯೇನು? ಬಿಟ್ಟುಬಿಡಬೇಕೇ? ಬಿಡಬೇಡಿರಿ ಎಂಬುದೇ ನನ್ನ ಅಭಿಪ್ರಾಯ. ಹತ್ತನೆಯ ವರ್ಷದ ಚತುರ್ದಶಿ ಬಹಳ ಕಷ್ಟವಾಗುತ್ತದೆ. ಕಲಶದ ಮುಂದೆ ಪಕ್ಕದ ಮಣೆ ಬರಿದಾಗಿರುತ್ತದೆ. ಆ ವರ್ಷ ಮಗನೋ ಮಗಳೋ ತಂಗಿಯೋ ಆ ಮಣೆಯ ಮೇಲೆ ಕುಳಿತುಕೊಳ್ಳಲಿ. ಉಪವಾಸ ಆಗದಿದ್ದರೆ ಒಪ್ಪೊತ್ತಿನಲ್ಲಿ ನಡೆಸಿರಿ. ಹನ್ನೊಂದನೆಯ ವರ್ಷಕ್ಕೆ ಕೈ ಸ್ವಲ್ಪ ನಡುಗುವುದು ಕಡಿಮೆಯಾದೀತು. ಹದಿನಾಲ್ಕನೆಯ ವರ್ಷ ಉದ್ಯಾಪನೆಯಂದು ಬಸದಿಗೆ ಒಂದು ಶಾಸ್ತ್ರವನ್ನು ಕೊಡಿರಿ. ಅದರ ಮೊದಲ ಹಾಳೆಯ ಮೇಲೆ ನೋಂತವರೆಂದು ಇಬ್ಬರ ಹೆಸರನ್ನೂ ಬರೆಯಿಸಿರಿ.